ಇಸ್ತ್ರಿ ಅಕ್ಕನ ಭುಜಕ್ಕೊಂದು ಶುಂಠಿ ಮುಲಾಮು

ದಿನವಿಡೀ ನಿಂತು ದುಡಿಯುವವರಿಗೆ ಮೈಕೈ ನೋವು ಹೊಸದೇನಲ್ಲ. ಬೀದಿ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕನಿಗೂ ಅಷ್ಟೇ, ಸಂಜೆಯಾದರೆ ಬಲಭುಜದ ಹಿಂದೆ ನೋವು ಶುರು. ಗಂಡ ಇದ್ದಾಗ ಊಟವಾದ ಮೇಲೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ತಿಕ್ಕುತ್ತಲೇ ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದ, ಅದರಲ್ಲಿ ಅರ್ಧ ಸುಳ್ಳು. ಅವನು ತೀರಿಕೊಂಡು ವರ್ಷವಾಯಿತು. ಈಗ ಎಣ್ಣೆಯೂ ಇದೆ, ನೋವೂ ಇದೆ. ಆ ಜಾಗಕ್ಕೆ ಅವಳ ಕೈ ಮಾತ್ರ ಎಟುಕುವುದಿಲ್ಲ.

ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತಿದ್ದಳು. ಯಾರಾದರೂ ನೋಡಿಯಾರು ಎಂದು ಮೊದಲು ಕಿಟಕಿ ಮುಚ್ಚುತ್ತಿದ್ದಳು. ನೋಡಲು ಈ ಮನೆಗೆ ಯಾರೂ ಬರುವುದಿಲ್ಲ ಎಂಬುದು ಆಮೇಲೆ ನೆನಪಾಗುತ್ತಿತ್ತು.

ಬರಬರುತ್ತಾ ಕೈ ಮೇಲೆತ್ತುವುದೇ ಕಷ್ಟವಾಯಿತು. ಅಕ್ಕನಿಗೆ ಹೆದರಿಕೆ ಹತ್ತಿತು. ಕೈ ನಿಂತರೆ ಅಂಗಡಿ ನಿಂತಂತೆ. ಅಂಗಡಿ ನಿಂತರೆ, ದಿನಕ್ಕೆ ನಾಲ್ಕು ಮಾತಾಡುವ ಗಿರಾಕಿಗಳೂ ಇಲ್ಲವಾಗುತ್ತಾರೆ.

ಖಾರದ ಪುಡಿ ಹಾಕಿ ಕಾಸಿದ ಎಣ್ಣೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಒಂದು ಹಿಡಿ ಸುರಿದು ಕಾಸಿದಳು. ಬಟ್ಟೆಗೆ ಸವರಿ ಹಾಸಿಗೆ ಮೇಲೆ ಹಾಸಿ, ಅದರ ಮೇಲೆ ಮಲಗಿದಳು. ನೋವು ಹೋಗಲಿಲ್ಲ. ಸುಕ್ಕು ಹೋಗದಿದ್ದರೆ ಇನ್ನಷ್ಟು ಬಿಸಿ, ಅದು ಇಸ್ತ್ರಿಯವರ ಬುದ್ಧಿ. ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿ ಮತ್ತೆ ಮಲಗಿದಳು. ಬೆಳಗಾದರೆ ಬೆನ್ನ ತುಂಬ ಗುಳ್ಳೆ.

ಅದೇ ದಿನ ಎದುರುಮನೆಯ ನರ್ಸಮ್ಮ ಬಟ್ಟೆ ಒಯ್ಯಲು ಬಂದರು. ಆಸ್ಪತ್ರೆಯಿಂದ ನಿವೃತ್ತರಾದರೂ ಬೀದಿಗೆ ಅವರಿನ್ನೂ ನರ್ಸಮ್ಮನೇ.

"ಇದೇನೇ, ದಿಂಬಿನ ಕವರಿಗೆ ಎಣ್ಣೆ ಕಲೆ? ನೀನು ಇಂಥ ಕೆಲಸ ಮಾಡೋಳಲ್ವಲ್ಲ."

"ಇಸ್ತ್ರಿಪೆಟ್ಟಿಗೆಗೆ ಎಣ್ಣೆ ಹತ್ತಿತ್ತು, ನೋಡ್ಲಿಲ್ಲ. ತೊಳೆದು ಕೊಡ್ತೀನಿ ಬಿಡಿ."

"ಕಲೆ ಹಾಳಾಗಿ ಹೋಗಲಿ. ಯಾಕೆ ಮುಖ ಕಿವುಚ್ತಿದ್ದೀಯ, ಅದನ್ನ ಹೇಳು."

ಅಕ್ಕ ಎಲ್ಲ ಹೇಳಿ, ಒಳಗೆ ಕರೆದು ಬೆನ್ನು ತೋರಿಸಿದಳು. ನರ್ಸಮ್ಮ ಗದರಿದರು: "ಚರ್ಮ ಏನು ಬಟ್ಟೆನಾ ಕಣೇ, ಬಿಸಿ ಮಾಡಿದಷ್ಟೂ ನೆಟ್ಟಗಾಗೋಕೆ? ನಡಿ ಡಾಕ್ಟರ ಹತ್ರ. ಕೈ ಎತ್ತೋಕೇ ಆಗ್ತಿಲ್ಲ ಅಂದ್ರೆ ಅದು ಬರೀ ಮನೆಮದ್ದಿಗೆ ಬಗ್ಗೋದಲ್ಲ."

ದುಡಿತಕ್ಕೆ ಸ್ನಾಯು ಬಿಗಿದಿದೆ ಎಂದರು ಡಾಕ್ಟರು. ಗುಳ್ಳೆಗೆ ಔಷಧಿ ಕೊಟ್ಟು, ಭುಜಕ್ಕೆ ವ್ಯಾಯಾಮ ಹೇಳಿಕೊಟ್ಟು, ಬಗ್ಗಿ ನಿಲ್ಲದಂತೆ ಮೇಜು ಎತ್ತರಿಸಲು ಹೇಳಿದರು. ಚರ್ಮ ಪೂರ್ತಿ ಮಾಯ್ದ ಮೇಲೆ ಸೌಮ್ಯವಾದ ಮುಲಾಮು ತಿಕ್ಕಿಕೊಳ್ಳಬಹುದು ಎಂದರು.

ಗುಳ್ಳೆ ಮಾಯಿತು. ನರ್ಸಮ್ಮ ಅಕ್ಕನನ್ನು ತಮ್ಮ ಅಡುಗೆಮನೆಗೆ ಕರೆದರು. ಒಂದು ಬಟ್ಟಲು ಕೊಬ್ಬರಿ ಎಣ್ಣೆಗೆ ಎರಡು ಚಮಚ ಜಜ್ಜಿದ ಒಣಶುಂಠಿ ಹಾಕಿ, ಆ ಬಟ್ಟಲನ್ನು ನೀರು ಕುದಿಯುವ ಪಾತ್ರೆಯೊಳಗೆ ಇಟ್ಟರು.

"ಒಲೆ ಮೇಲೇ ಇಟ್ಟರೆ ಬೇಗ ಆಗಲ್ವಾ?"

"ಸೀದು ಹೋಗುತ್ತೆ, ಬೆಂಕಿಯೂ ಹತ್ತಬಹುದು. ಸಣ್ಣ ಉರೀಲಿ ಒಂದು ಗಂಟೆ ಇರಲಿ. ಎಣ್ಣೆಗೆ ಒಂದು ಹನಿ ನೀರೂ ಬೀಳಬಾರದು, ಕೆಟ್ಟು ಹೋಗುತ್ತೆ."

ತೆಳು ಬಟ್ಟೆಯಲ್ಲಿ ಸೋಸಿ, ಎಣ್ಣೆಯ ಕಾಲು ಭಾಗದಷ್ಟು ಜೇನುಮೇಣ ಹಾಕಿ ಕರಗಿಸಿ, ಒಣಗಿದ ಡಬ್ಬಿಗೆ ಸುರಿದರು. ಆರಿದ ಮೇಲೆ ಅದು ಬೆಣ್ಣೆಯ ಹಾಗೆ ಗಟ್ಟಿಯಾಯಿತು.

ಅಕ್ಕನಿಗೆ ನಂಬಿಕೆ ಬರಲಿಲ್ಲ. "ಖಾರ ಇಲ್ಲ, ಉರಿ ಇಲ್ಲ. ಇದೆಲ್ಲಿ ನಾಟುತ್ತೆ ನರ್ಸಮ್ಮ?"

"ಉರಿದರೆ ಗುಣ ಅಂತ ಯಾರು ಹೇಳಿದ್ದು ನಿಂಗೆ? ಇದು ಸವೆದ ಕೀಲನ್ನ ಹೊಸದು ಮಾಡಲ್ಲ. ಬಿಗಿದ ಸ್ನಾಯು ಸ್ವಲ್ಪ ಸಡಿಲಾಗುತ್ತೆ. ಅದರಲ್ಲೂ ಅರ್ಧ ಕೆಲಸ ತಿಕ್ಕೋ ಕೈದು. ಇವತ್ತು ಮೊಣಕೈ ಒಳಗೆ ಚೂರು ಹಚ್ಚಿ ನೋಡು. ನಾಳೆಗೆ ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಭುಜಕ್ಕೆ ಹಚ್ಚು."

ಮರುದಿನ ಅಕ್ಕ ಬಂದು ಕೈ ತೋರಿಸಿದಳು. ತುರಿಕೆಯಿಲ್ಲ, ಕೆಂಪಿಲ್ಲ. "ಸರಿ, ಮನೆಗೆ ಹೋಗಿ ಹಚ್ಕೋತೀನಿ," ಎಂದು ಡಬ್ಬಿ ತೆಗೆದುಕೊಂಡಳು.

"ಹೇಗೆ ಹಚ್ಕೋತೀಯ?"

ಅಕ್ಕ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತಳು. ಹೇಳಿದರೆ ಅಳು ಬರುತ್ತಿತ್ತು.

"ಕೂತ್ಕೋ. ಬೆನ್ನು ತಿರುಗಿಸು."

ಅಂಗೈ ಭುಜಕ್ಕೆ ತಾಗಿದ್ದೇ ತಡ, ಅವಳು ಅತ್ತೇಬಿಟ್ಟಳು. ವರ್ಷದಿಂದ ಅವಳನ್ನು ಪ್ರೀತಿಯಿಂದ ಮುಟ್ಟಿದವರಿರಲಿಲ್ಲ. ನರ್ಸಮ್ಮ ಏನೂ ಕೇಳದೆ ನಿಧಾನವಾಗಿ ತಿಕ್ಕುತ್ತಲೇ ಇದ್ದರು. ಆಮೇಲೆ ಡಬ್ಬಿಯನ್ನು ಅಕ್ಕನ ಕೈಗಿಟ್ಟು, ತಮ್ಮ ಮೊಣಕಾಲು ಚಾಚಿದರು.

"ಈಗ ನಂದು. ನನ್ನ ಮೊಣಕಾಲು ನನ್ನ ಕೈಗೆ ಎಟುಕುತ್ತೆ ಕಣೇ. ಆದರೂ ನೀನೇ ಹಚ್ಚು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಮುಲಾಮು ನೀವೂ ಮಾಡಿಕೊಳ್ಳಿ. ಗಾಯ, ಗುಳ್ಳೆ ಇದ್ದಲ್ಲಿ ಹಚ್ಚಬೇಡಿ, ಕಣ್ಣಿಗೆ ತಾಗಿಸಬೇಡಿ. ಕೀಲು ಊದಿ ಕೆಂಪಾದರೆ, ಜ್ವರ ಬಂದರೆ, ಕೈಕಾಲು ಜೋಮು ಹಿಡಿದರೆ, ಬಿದ್ದು ಪೆಟ್ಟಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಎದೆನೋವಿನ ಜೊತೆ ಕೈ ನೋವು ಬಂದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು. ನಿಮ್ಮ ಬೀದಿಯಲ್ಲೂ ಒಬ್ಬರೇ ಇರುವವರು ಇದ್ದೇ ಇರುತ್ತಾರೆ. ಅವರಿಗೂ ಒಂದು ಡಬ್ಬಿ ಒಯ್ಯಿರಿ. ಬಾಗಿಲಲ್ಲೇ ಕೊಟ್ಟು ಬಂದುಬಿಡಬೇಡಿ. ಒಳಗೆ ಹೋಗಿ ಕೂತು, ಎಲ್ಲಿ ನೋಯುತ್ತಿದೆ ಎಂದು ಕೇಳಿ.