ಮಲಗಿದ ಹೊಗೆ

ಕಿಟಕಿಗೆ ಏನೋ ತಾಗಿತು, ಮಳೆಯಲ್ಲ, ಗಾಜಿನ ಮೇಲೆ ಬಿಳಿ ಚುಕ್ಕೆ, ಇನ್ನೊಂದು — ಹಿಮವಾ, ಅಕ್ಟೋಬರಿನಲ್ಲಾ, ಮಧ್ಯಾಹ್ನದ ಆಲೂಗಡ್ಡೆ ಇನ್ನೂ ಬೆಂದಿಲ್ಲ, ಬೆಳಿಗ್ಗೆ ತಾನೇ ಆ ನಾಲ್ವರು ಪ್ರವಾಸಿಗರಿಗೆ ನಾನೇ ಹೇಳಿದೆ, ಚಾರಣಕ್ಕೆ ಇದಕ್ಕಿಂತ ಒಳ್ಳೇ ತಿಂಗಳಿಲ್ಲ, ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತೆ, ವಸಂತದಲ್ಲಿ ಹೂವೇನೋ ಇರುತ್ತೆ ಆದರೆ ಮಧ್ಯಾಹ್ನವಾದರೆ ಮೋಡ, ವರ್ಷಾ ವರ್ಷಾ ಇದೇ ಬಾಯಿಪಾಠ, ಗೊತ್ತಿದೆ ಮಹಾ ನನಗೆ. ನನ್ನ ತಮ್ಮ ಉರ್ಗೆನ್ ನಕ್ಕ, ಅವರ ಗೈಡು ಅವನೇ, ಅಕ್ಕಾ ನೀನು ರೇಡಿಯೋದಲ್ಲಿ ಇರ್ಬೇಕಿತ್ತು ಕಣೇ, ಸಾಕು ಮುಚ್ಚೋ, ಟೋಪಿ ಹಾಕ್ಕೋ ಅಂದೆ. ನಾನೇ ಹೆಣೆದ ಕೆಂಪು ಟೋಪಿ, ಒಂದು ಕಿವಿ ಉದ್ದ, ಇದು ನನಗಾ ಇಲ್ಲಾ ಯಾಕ್ ಎತ್ತಿಗಾ ಅಂದ, ಆದರೂ ಹಾಕಿಕೊಂಡೇ ಹೊಸ್ತಿಲು ದಾಟಿದ.

ಅವರು ಅಂಗಳದಲ್ಲಿ ಚೀಲ ಬಿಗಿಯುವಷ್ಟರಲ್ಲಿ ನಾನು ಚಾವಣಿ ಹತ್ತಿ ಧೂಪದ ಹಸಿ ಎಲೆ ಕೆಂಡಕ್ಕೆ ಹಾಕಿದೆ, ದಿನವೂ ನೆಟ್ಟಗೆ ಏಳುವ ಹೊಗೆ ಏಳಲಿಲ್ಲ, ಕಲ್ಲಿನ ಮೇಲೆ ಮಲಗಿತು, ತೆವಳಿ ಅಂಚಿನಿಂದ ಕೆಳಗಿಳಿಯಿತು. ಹೊಗೆ ಮಲಗಿದ ದಿನ ಘಾಟಿ ಹತ್ತಬಾರದು, ಸಾಯುವ ತನಕ ಮಾವ ಹೇಳಿದ್ದು ಅದೊಂದೇ. ಕೆಂಪು ಟೋಪಿ ಇನ್ನೂ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಬಾಯಿ ತೆರೆದೆ, ಅಂಗಳದಲ್ಲಿ ಜಪಮಣಿ ಎಣಿಸುತ್ತಿದ್ದ ಅತ್ತೆ ತಲೆ ಎತ್ತಿದರು, ಹೊರಟವನ್ನ ಬೆನ್ನ ಹಿಂದಿಂದ ಕೂಗ್ತಾರೇನೇ, ಅದೂ ಘಾಟಿಗೆ ಹೋಗೋನ್ನ, ಕೇಡು ಬಯಸ್ತೀಯಾ? ಬಾಯಿ ಮುಚ್ಚಿದೆ. ಕೊಟ್ಟಿಗೆಯ ಹಿಂದಿನಿಂದ ಓಡಿ ಎದುರಿಗೆ ನಿಂತು ಹೇಳಬಹುದಿತ್ತು, ಎದುರಿನಿಂದ ಹೇಳಿದರೆ ಅಪಶಕುನವಿಲ್ಲ, ಆದರೆ ಒಲೆಯ ಮೇಲೆ ಹಾಲಿತ್ತು — ಹಾಲು! ಉಕ್ಕಿದ್ದರೆ ಉಕ್ಕಲಿ ಅನ್ನಬಾರದಿತ್ತಾ ನಾನು, ಥೂ ನನ್ನ ಬಾಳಿಗೆ.

ಬಾಗಿಲು ಬಡಿಯಿತು, ಅವನೇ, ಅಲ್ಲ, ಕುದುರೆ ಮೇಲೆ ಸಾಮಾನು ಸಾಗಿಸುವ ಪಾಸಾಂಗ್, ಹುಬ್ಬಿನ ಮೇಲೆಲ್ಲ ಹಿಮ, ಅರ್ಧ ದಾರಿಯಿಂದ ವಾಪಸ್ ಬಂದೆ ಅಕ್ಕಾ, ಮೇಲೆ ಏನೂ ಕಾಣ್ತಿಲ್ಲ. ಉರ್ಗೆನ್? ತಿರುಗೋ ಅಂದೆ ಅಕ್ಕಾ, ಕೇಳ್ಲಿಲ್ಲ, ಹೊಗೆ ಸರಿಯಿಲ್ಲದಿದ್ರೆ ನಮ್ಮಕ್ಕ ಬಿಡ್ತಿದ್ಲಾ ಅಂದ, ನಕ್ಕೊಂಡು ಹತ್ತಿದ. ಅತ್ತೆಯ ಮಣಿ ನಿಂತಿತು. ಎದುರಿನ ಬೆಟ್ಟ ಕಾಣುತ್ತಿಲ್ಲ, ಅಂಗಳವೂ ಇಲ್ಲ, ಈಗ ಬಾಗಿಲಿಗೆ ಬಂದು ಕೂಗುತ್ತಿದ್ದೇನೆ, ಉರ್ಗೆನ್, ಉರ್ಗೆನ್, ಬೆನ್ನ ಹಿಂದಿನಿಂದಲೇ, ಯಾರೂ ತಡೆಯುತ್ತಿಲ್ಲ — ಕಣ್ಣೊಳಗೆ ಬೆಳಗಿನದೇ ಇಪ್ಪತ್ತು ಹೆಜ್ಜೆ, ಉದ್ದ ಕಿವಿಯ ಕೆಂಪು ಟೋಪಿ, ತಿರುಗುತ್ತಿಲ್ಲ, ಇಪ್ಪತ್ತೇ ಹೆಜ್ಜೆ, ಕೆಂಪು ಟೋಪಿ