ಹಸುವಿಗೆ ಮೇಲಿನ ಹಲ್ಲು

ಯಾರಾದರೂ "ಚಿತ್ರ ಚೆನ್ನಾಗಿದೆ" ಅಂದರೆ ನಂಜನಗೂಡಿನ ಮದನ್‌ಗೆ ಅನುಮಾನ ಹತ್ತೋದು. ಹೊಗಳೋನು ಏನೋ ಲಪಟಾಯಿಸೋಕೇ ಬಂದಿದಾನೆ ಅಂತ ಅವನ ತೀರ್ಮಾನ. ಸುಮ್ಮನೆ ಬಂದ ತೀರ್ಮಾನವಲ್ಲ ಅದು. ಹೋದ ವರ್ಷ ನಾಲ್ಕು ದಿನ ಬೆನ್ನು ಬಗ್ಗಿಸಿ ಕಪ್ಪು ಇಂಕಿನಲ್ಲಿ ಬಸವನ ಚಿತ್ರ ಬರೆದಿದ್ದ. ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನವನು "ಫೋಟೋ ಕಳಿಸಪ್ಪ, ಆರ್ಡರ್ ಕೊಟ್ಟ ಪಾರ್ಟಿಗೆ ತೋರಿಸ್ತೀನಿ" ಅಂತ ತರಿಸಿಕೊಂಡು, ಯುಗಾದಿ ಹೊತ್ತಿಗೆ ಇನ್ಯಾರದೋ ಹೆಸರಲ್ಲಿ ಕ್ಯಾಲೆಂಡರ್ ಅಚ್ಚು ಹಾಕಿಸಿಬಿಟ್ಟ. ಕೇಳೋಕೆ ಹೋದರೆ, "ನಿಂದೇ ಅನ್ನೋಕೆ ಗುರುತೇನ್ಲಾ? ಬಸವ ಊರಿಗೆಲ್ಲ ಒಬ್ಬನೇ" ಅಂತ ಹಲ್ಲು ಕಿರಿದ.

ಅವತ್ತಿಂದ ಮದನ್ ಗುರುತು ಇಡೋದು ಕಲಿತ.

ಈ ಸಲ ಕೆಲಸ ಬಂದಿದ್ದು ನರಸೀಪುರದ ಕಡೆಯಿಂದ. ಸುನೀತಾ ಅಂತ, ಪ್ರೈಮರಿ ಸ್ಕೂಲ್ ಮೇಡಂ. ಅವರ ತಾತ ಜವರಯ್ಯ ಹೇಳುವ ದನಗಳ ಕಥೆಗಳನ್ನು ಮಕ್ಕಳ ಪುಸ್ತಕ ಮಾಡಿಸಬೇಕು, ಒಂಬತ್ತು ಚಿತ್ರ ಬೇಕು, ಚಿತ್ರ ಬರೆದವರ ಹೆಸರು ಪುಸ್ತಕದಲ್ಲೇ ಬರುತ್ತೆ ಅಂದರು. ಪುಸ್ತಕದಲ್ಲಿ ಹೆಸರು! ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮನೆಯ ಮೂರು ಹಸು ಮೇಯಿಸಿಕೊಂಡು, ಕಪಿಲಾ ಹೊಳೆ ದಂಡೆಯಲ್ಲಿ ಕೂತು ಚಿತ್ರ ಬರೆಯೋದು ಕಲಿತವನ ಹೆಸರು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೇ ದಿನ ಮೇಡಂ ಮೆಸೇಜ್ ಬಂತು: "ಒಂದು ಚಿತ್ರದ ಫೋಟೋ ಕಳಿಸಿ, ಮನೇಲಿ ತೋರಿಸ್ತೀನಿ."

ಅದೇ ಮಾತು. ಅಚ್ಚು ಹಾಕಿದ ಹಂಗೆ ಅದೇ ಮಾತು.

ಮದನ್ ಶೀಟಿನ ಮುಂದೆ ಕೂತ. ಕತ್ತು ಚಾಚಿ ಕರುವನ್ನ ಕೂಗೋ ಹಸು ಆಗಲೇ ಮುಗಿದಿತ್ತು. ತೆರೆದ ಬಾಯೊಳಗೆ, ಸಣ್ಣ ನಿಬ್ಬಿನಲ್ಲಿ, ಮೇಲಿನ ದವಡೆಗೆ ಮುಂದಿನ ಹಲ್ಲು ಸಾಲಾಗಿ ಬರೆದ. ಹಸುವಿಗೆ ಅಲ್ಲಿ ಹಲ್ಲೇ ಇರಲ್ಲ, ಬರೀ ಗಟ್ಟಿ ವಸಡು. ದನದ ಬಾಯಿ ಬಿಡಿಸಿ ನೋಡಿದವನಿಗೆ ಮಾತ್ರ ಗೊತ್ತು. ಕದಿಯೋ ನನ್ಮಗ ಹಲ್ಲು ಸಮೇತ ಕದೀತಾನೆ, ಆಗ ಕುತ್ತಿಗೆ ಪಟ್ಟಿ ಹಿಡೀತೀನಿ. ಕೆಲಸ ಗಟ್ಟಿಯಾದ ಮೇಲೆ ಬಿಳಿ ಬಣ್ಣ ಬಳಿದು ಮುಚ್ಚಿದರಾಯ್ತು ಅಂದುಕೊಂಡು ಫೋಟೋ ಕಳಿಸಿದ.

ಮೇಡಂ ಭಾನುವಾರ ಮನೆಗೆ ಬರೋಕೆ ಹೇಳಿದರು. ಒಂಬತ್ತೂ ಶೀಟು ಎದೆಗವಚಿಕೊಂಡು ಬಸ್ಸಿಳಿದ. ಅವರ ಮನೆಯ ಪಡಸಾಲೆಯಲ್ಲಿ ಜವರಯ್ಯ ಕುರ್ಚಿ ಮೇಲೆ, ಸುನೀತಾ ಬಾಗಿಲ ಹತ್ತಿರ. ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗ ಮೇಡಂ ತಮ್ಮ ದೀಪಕ್.

"ನೋಡಿ ತಾತ, ಕವರ್ ರೆಡಿ," ಅಂತ ದೀಪಕ್ ಪರದೆ ತಿರುಗಿಸಿದ.

ಮದನ್‌ನದೇ ಹಸು. ಮೈಗೆ ಕಂದು ಬಣ್ಣ, ಹಿಂದೆ ಹಸಿರು ಗದ್ದೆ, ಬಾಯಲ್ಲಿ ಫಳಫಳ ಹಲ್ಲು. ಕೆಳಗೆ: ಚಿತ್ರ, ದೀಪಕ್.

ಸಿಕ್ಕಿಬಿದ್ದ ಕಳ್ಳ! ಮದನ್ ಬಾಯಿ ತೆರೆಯೋದರೊಳಗೆ ಮುದುಕ ಕನ್ನಡಕ ಏರಿಸಿ ಬಗ್ಗಿದ್ದ. "ಯಾರ್ಲಾ ಇದ ಬರ್ದೋನು?"

"ನಾನೇ ತಾತ."

"ಥೂ ನಿನ್ನ! ಅಸೂಗೆ ಮೇಲ್ಗಡೆ ಅಲ್ಲು ಮಡಗಿದೀಯಲ್ಲೋ! ಪೇಸ್ಟ್ ಮಾರೋಕೆ ನಿಂತಂಗದೆ ಕಣ್ಲಾ!"

ದೀಪಕ್ ತಡಮಾಡಲಿಲ್ಲ. "ಅಯ್ಯೋ, ಲೈನೆಲ್ಲ ಇವನು ಬರೆದಿದ್ದು ತಾತ. ನಂದು ಬರೀ ಕಲರ್."

ಎಲ್ಲರೂ ಮದನ್ ಕಡೆ ತಿರುಗಿದರು.

"ಬೇಕಂತಲೇ ಬರ್ದೆ ಯಜಮಾನ್ರೇ," ಅಂದ ಮದನ್. "ಕದ್ದರೆ ಗೊತ್ತಾಗಲಿ ಅಂತ."

"ಸಿಕ್ಕಾಕೊಂಡ್‌ಮೇಲೆ ಎಲ್ರೂ ಬೇಕಂತ್ಲೇನೇ. ದನ ಕಂಡಿಲ್ದೋನ ಕೈಲಿ ನನ್ನ್ ಕತೆ ಬ್ಯಾಡ. ಕಾಫಿ ಕುಡ್ದು ಒರಡು."

ಕಣ್ಣ ಮುಂದೆ ಪುಸ್ತಕವೂ ಹೋಯ್ತು, ಹೆಸರೂ ಹೋಯ್ತು. ಮದನ್ ಕಾಫಿ ಲೋಟ ಮುಟ್ಟಲಿಲ್ಲ. ಸೀದಾ ಪಕ್ಕದ ಕೊಟ್ಟಿಗೆಗೆ ನುಗ್ಗಿದ. "ಒದೀತದೆ ಕಣೋ!" ಅಂತ ಮುದುಕ ಹಿಂದೆಯೇ ಬಂದ. ಮದನ್ ಅಲ್ಲಿ ಕಟ್ಟಿದ್ದ ಹಸುವಿನ ಕುತ್ತಿಗೆ ಸವರಿದ, ಮೂಗಿನ ಹೊಳ್ಳೆ ಹಿಡಿದು ತಲೆ ಎತ್ತಿಸಿದ, ಬಾಯಿಯ ಪಕ್ಕದಲ್ಲಿ ಬೆರಳು ತೂರಿಸಿ ಕೆಳದುಟಿ ಇಳಿಸಿದ. ಹಸು ಕಿವಿ ಕೂಡ ಒದರಲಿಲ್ಲ.

"ಹಾಲುಹಲ್ಲು ಉದುರಿ ಆರು ಹಲ್ಲು ಬಂದಿವೆ. ನಾಲ್ಕು ವರ್ಷ ತುಂಬಿರಬೇಕು, ಇಲ್ಲ ಇನ್ನೊಂದೆರಡು ತಿಂಗಳು ಕಮ್ಮಿ. ಮೇಲ್ಗಡೆ ವಸಡು. ಸಾಕಾ?"

ಜವರಯ್ಯ ಅವನ ಕೈಯನ್ನೇ ನೋಡಿದ.

"ಅಂಗಾರೆ ತಿಳ್ದೇ ಬರ್ದಿದೀಯ. ಈ ಮನೆ ಒಸ್ಲು ತುಳಿಯೋಕ್ ಮುಂಚೇನೇ ನಮ್ಮನ್ನ ಕಳ್ರು ಅಂದ್ಕೊಂಡ್‌ಬುಟ್ಟೆ."

"ಅಂದ್ಕೊಂಡೆ. ಸುಳ್ಳಾಯ್ತಾ?"

ಹಿಂದೆ ಬಂದು ನಿಂತಿದ್ದ ಸುನೀತಾ ಮುಖ ಕೆಂಪಾಗಿತ್ತು. "ನೋಡು ಅಂತ ಕಳಿಸಿದ್ದೆ ಇವನಿಗೆ. ಹೆಸರು ಹಾಕ್ಕೋತಾನೆ ಅಂತ ದೇವರಾಣೆ ಗೊತ್ತಿರಲಿಲ್ಲ ಮದನ್." ಇರಬಹುದು, ಇಲ್ಲದೆಯೂ ಇರಬಹುದು.

"ಲೇ ದೀಪ," ಪಡಸಾಲೆಗೆ ವಾಪಸು ಬಂದು ಮುದುಕ ಗುಡುಗಿದ. "ತೆಗಿಯೋ ನಿನ್ ಎಸ್ರ. ಇವ್ನ್ ಕಣ್ಮುಂದೇನೇ ತೆಗಿ."

ಪರದೆಯ ಮೇಲೆ ದೀಪಕ್ ಹೆಸರು ಅಳಿಸಿಹೋಯ್ತು, ಮದನ್ ಹೆಸರು ಬಂತು. ಮದನ್ ಅದನ್ನು ಫೋನಿನಲ್ಲಿ ಎರಡು ಸಲ ಫೋಟೋ ತೆಗೆದುಕೊಂಡ. ಚಿತ್ರ ತನ್ನದೇ ಅಂತ ಸುನೀತಾ ಕೈಯಲ್ಲಿ ಒಂದು ಹಾಳೆ ಮೇಲೂ ಬರೆಸಿ ಜೇಬಿಗಿಟ್ಟ. ಅವಳು ಬೇಜಾರು ಮಾಡಿಕೊಂಡಳು. ಮಾಡಿಕೊಳ್ಳಲಿ.

"ಆಯ್ತಾ ನಿಂದು?" ಜವರಯ್ಯ ಕುರ್ಚಿ ಎಳೆದುಕೊಂಡ. "ಈಗ ನಂದು. ಉಳ್ದ ಎಂಟೂ ಇಲ್ಲಿ ಅರಡು. ಇನ್ನೇನೇನ್ ಬಚ್ಚಿಟ್ಟಿದೀಯೋ ನೋಡ್ಬೇಕು."

"ಒಂದರಲ್ಲೇ ಯಜಮಾನ್ರೇ. ಬೇರೆ ಎಲ್ಲ ಸರಿಯಾಗಿದಾವೆ."

"ನೀ ನಂಬಿದ್ಯಾ ನಮ್ಮನ್ನ? ನಾ ಯಾಕ್ ನಂಬ್ಲಿ?"

ಮುದುಕ ಮೊದಲನೇ ಶೀಟಿನ ಎತ್ತುಗಳ ಗೊರಸು ಎಣಿಸಿದ. ಬಾಲ ನೋಡಿದ. ನೊಗಕ್ಕೆ ಸುತ್ತಿದ ಹಗ್ಗದ ಮೇಲೆ ಬೆರಳಿಟ್ಟು, "ಇದೇನಿದು?" ಅಂದ.

"ಅದು ಸರಿಯಾಗೇ ಇದೆ."

"ಇರ್ಬೌದು. ಇನ್ನೊಂದ್ಸಲ ಬರಿ. ನಾ ನೋಡ್ತಿರ್ತೀನಿ."

ಮದನ್ ಚೀಲದಿಂದ ಇಂಕಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ನಂಜನಗೂಡಿನ ಮೂರು ಗಂಟೆ ಬಸ್ಸು ಹೋದಾಗ ಅವರಿನ್ನೂ ಎರಡನೇ ಶೀಟಿನಲ್ಲೇ ಇದ್ದರು.