ಫಿಲ್ಟರ್ ಮೇಲಿನ ಅಕ್ಷರ

“ಬಾನೆಟ್ ಎತ್ತಾಕ ಮುಹೂರ್ತ ನೋಡಾಕತ್ತಿಯೇನಲೇ ಅಂಬಪ್ಪ?” ಎಂದು ಆಪರೇಟರ್ ಗಾಳೆಪ್ಪ ನಕ್ಕ.

ಅಂಬಪ್ಪ ನಗಲಿಲ್ಲ. ಮಸ್ಕಿಯ ಹೊರಗೆ ನಿಂತಿದ್ದ ಆ ಮಣ್ಣು ಅಗೆಯುವ ಮಷಿನ್ನಿನ ಮುಂದೆ ಚೀಲ ಇಳಿಸಿ, ಅಂಗೈಗಳನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. ಸಿಂಧನೂರಿನ ಷೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ಮೆಕ್ಯಾನಿಕ್ ಆಗಿದ್ದವನಿಗೆ ಆಯಿಲ್ ಫಿಲ್ಟರ್ ಬಿಚ್ಚುವುದು ಯಾವ ದೊಡ್ಡ ಕೆಲಸ? ಆದರೆ ಈ ಬಾನೆಟ್ಟಿನ ಕೆಳಗೆ ಶಕೀಲನ ಕೈಬರಹವಿತ್ತು. ಉಳಿದದ್ದು ಇದೊಂದೇ.

ಶಕೀಲ್ ಅದೇ ಷೆಡ್ಡಿನ ಜೊತೆಗಾರ. ಎಂಟು ತಿಂಗಳ ಹಿಂದೆ, ಲಿಂಗಸುಗೂರಿನ ತನ್ನ ಮನೆಯಲ್ಲಿ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟ. ವಯಸ್ಸು ನಲವತ್ತೊಂದು. ಮೂರು ತಾಲ್ಲೂಕಿನ ಆಪರೇಟರುಗಳು ಕೆಲಸ ಬಿಟ್ಟು ಮಣ್ಣಿಗೆ ಬಂದಿದ್ದರು. ಅಷ್ಟೊಂದು ಜನಕ್ಕೆ ಬೇಕಾದವನಾಗಿದ್ದ.

ಹೊಸ ಫಿಲ್ಟರ್ ಹಾಕಿದಾಗ ಅದರ ಮೇಲೆ ತಾರೀಖು ಮತ್ತು ಮಷಿನ್ ಓಡಿದ ತಾಸು ಬರೆಯುವುದು ಎಲ್ಲ ಮೆಕ್ಯಾನಿಕರ ಪದ್ಧತಿ. ಶಕೀಲ್ ಬಿಳಿ ಪೇಂಟ್ ಪೆನ್ನು ಹಿಡಿದು ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದ. ಕೆಳಗೆ, ಮುಂದೆ ಬಿಚ್ಚುವವನಿಗೆ ಒಂದು ಮಾತು. ಅಂಬಪ್ಪನಿಗೆ ಫಿಲ್ಟರನ್ನು ಜೀವ ಹೋಗುವಂತೆ ಬಿಗಿಯುವ ಚಟ. ‘ಅಂಬಪ್ಪ, ಕೈಲೆ ತಿರುವು, ಸಿಟ್ಟಿಲೆ ಬ್ಯಾಡ’ ಎಂದು ಒಮ್ಮೆ. ‘ಮನ್ಯಾಗ ಜಗಳಾಡಿ ಬಂದಿಯೇನು?’ ಎಂದು ಇನ್ನೊಮ್ಮೆ. ಬಳಗಾನೂರಿನ ಗದ್ದೆಗಳ ನಡುವೆ ಅದನ್ನು ಓದಿ ಅಂಬಪ್ಪ ಒಬ್ಬನೇ ಹುಚ್ಚನಂತೆ ನಕ್ಕಿದ್ದುಂಟು.

ಶಕೀಲ್ ಹೋದ ಮೇಲೆ ಅವನು ನೋಡುತ್ತಿದ್ದ ಮಷಿನ್ನುಗಳೆಲ್ಲ ಅಂಬಪ್ಪನ ಪಾಲಿಗೆ ಬಂದವು. ಒಂದೊಂದೇ ಫಿಲ್ಟರ್ ಬಿಚ್ಚಿದ, ಓದಿದ, ಕಣ್ಣೊರೆಸಿಕೊಂಡ, ಗುಜರಿ ಡ್ರಮ್ಮಿಗೆ ಎಸೆದ. ಹೀಗೆ ಮೂವತ್ತೇಳು. ಇಟ್ಟುಕೊಳ್ಳಬೇಕೆಂದು ಒಂದು ಸಲವೂ ಹೊಳೆಯಲಿಲ್ಲ, ದಡ್ಡನಿಗೆ.

ಹೊಳೆದದ್ದು ಹೋದ ಶುಕ್ರವಾರ, ಶಕೀಲನ ಹೆಂಡತಿ ಶಾಹೀಸ್ತಾ ಕೇಳಿದಾಗ.

“ಭಾಯಿ, ಅವರು ಬರ್ದಿದ್ದು ಏನರ ಅದ ಏನ್ರಿ ನಿಮ್ಮ ಹತ್ರ? ನಮ್ಮ ಹುಡುಗಿ ಅತೀಯಾ ಅಬ್ಬಾನ ಅಕ್ಷರ ನೋಡ್ಬೇಕಂತ ಹಟ ಹಿಡಿದಾಳ. ಮನ್ಯಾಗ ಬರೇ ಸಹಿ ಅದಾವ. ಸಹಿ ಏನ್ ಮಾತಾಡ್ತಾವ್ರಿ?”

ಅಂಬಪ್ಪನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಗುಜರಿ ಅಂಗಡಿಗೆ ಓಡಿದ. ಎಲ್ಲ ಲಾರಿ ಹತ್ತಿ ಹೋಗಿತ್ತು. ಷೆಡ್ಡಿನ ರಿಜಿಸ್ಟರ್ ಹುಡುಕಿದಾಗ ಗಾಳೆಪ್ಪನ ಮಷಿನ್ ಸಿಕ್ಕಿತು. ಕೆಲಸವಿಲ್ಲದೆ ಹತ್ತು ತಿಂಗಳಿಂದ ನಿಂತಿತ್ತು. ಫಿಲ್ಟರ್ ಶಕೀಲ್ ಹಾಕಿದ್ದೇ. ‘ಒಂದು ಐತಿ, ತರ್ತೀನಿ’ ಎಂದು ಶಾಹೀಸ್ತಾಗೆ ತಿಳಿಸಿದ. ಗಾಳೆಪ್ಪನಿಗೆ ಮಾತ್ರ ‘ನಾಡಿದ್ದು ಸರ್ವಿಸಿಗೆ ಬರ್ತೀನಿ’ ಎಂದಷ್ಟೇ ಹೇಳಿ ಫೋನಿಟ್ಟ. ಹೆಚ್ಚಿಗೆ ಹೇಳಹೋದರೆ ಫೋನಿನಲ್ಲೇ ಅತ್ತುಬಿಡುತ್ತಿದ್ದ.

ಈಗ ಬಾನೆಟ್ ಎತ್ತಿದ. ಒಳಗೆಲ್ಲ ಫಳಫಳ ಹೊಳೆಯುತ್ತಿತ್ತು.

“ಹೆಂಗೈತಿ?” ಎಂದ ಗಾಳೆಪ್ಪ. ಹೆಗಲ ಮೇಲೆ ಒರೆಸುವ ಬಟ್ಟೆ, ಮುಖದ ತುಂಬ ಹಿಗ್ಗು. “ನಿನ್ನೆ ದಿನಾ ಪೂರಾ ತೊಳದೀನಿ. ಹೊಲಸು ಮಷಿನ್ ಮುಟ್ಟಂಗಿಲ್ಲ ಅಂತ ಶಕೀಲ್ ಭಾಯಿ ಎಷ್ಟ್ ಬೈತಿದ್ದ ನನಗ! ಅವನ ದೋಸ್ತ ಬರ್ತಾನಂದ್ರ ಹಂಗ ಇಡಾಕ ಆಕ್ಕೈತೇನು? ಫಿಲ್ಟರ್ ಸೈತ ಬಿಟ್ಟಿಲ್ಲ. ಬಿಳೇದು ಏನೋ ಹತ್ತಿತ್ತು, ಜಪ್ಪಯ್ಯ ಅಂದ್ರೂ ಹೋಗಾಕ ಒಲ್ಲೆ ಅಂತಿತ್ತು. ಇದ ಬಟ್ಟಿಗೆ ಡೀಸೆಲ್ ಹಚ್ಚಿ ತಿಕ್ಕೀನಿ.”

ಗಾಳೆಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ.

ಅಂಬಪ್ಪ ಬಗ್ಗಿ ನೋಡಿದ. ಕಪ್ಪು ಫಿಲ್ಟರ್ ಆಗ ತಾನೇ ಅಂಗಡಿಯಿಂದ ತಂದಂತಿತ್ತು. ಸುತ್ತಲೂ ಬೆರಳಾಡಿಸಿದ. ಒಂದು ಸೊನ್ನೆಯೂ ಉಳಿದಿರಲಿಲ್ಲ.

“ಅವ ಇದ್ದಿದ್ರ ಶಹಬ್ಬಾಸ್ ಅಂತಿದ್ದ, ಹೌದಿಲ್ಲೋ?” ಗಾಳೆಪ್ಪನ ದನಿ ಒದ್ದೆಯಾಗಿತ್ತು.

“ಹೌದಣ್ಣ,” ಎಂದ ಅಂಬಪ್ಪ. “ಅಂತಿದ್ದ.”

ಈ ಮನುಷ್ಯನಿಗೆ ಏನು ಹೇಳುವುದು? ಫಿಲ್ಟರಿಗೆ ಕೈ ಹಾಕಿದ. ಒಂದೇ ತಿರುವಿಗೆ ಅದು ಸಡಿಲಾಗಿ ಕೈಗೆ ಬಂತು. ಶಕೀಲ್ ಯಾವತ್ತೂ ಹದ ಮೀರಿ ಬಿಗಿದವನಲ್ಲ. ಅಂಬಪ್ಪನಿಗೆ ಅಳು ತಡೆಯಲಾಗಲಿಲ್ಲ. ಹಳೆಯ ಎಣ್ಣೆ ಮೊಣಕೈವರೆಗೆ ಇಳಿಯುತ್ತಿರುವಾಗಲೇ ಫೋನ್ ಬಡಿದುಕೊಂಡಿತು. ಶಾಹೀಸ್ತಾಳ ನಂಬರು. ಕೈ ಎಣ್ಣೆಯಾಗಿದ್ದರಿಂದ ಮಣಿಕಟ್ಟಿನಿಂದಲೇ ಒತ್ತಿ, ಸ್ಪೀಕರ್ ಹಾಕಿ, ಟೈರಿನ ಮೇಲಿಟ್ಟ.

“ಅಂಬಪ್ಪ ಚಾಚಾ, ಸಿಕ್ತೇನ್ರಿ?” ಅತೀಯಾಳ ದನಿ. “ಅಬ್ಬಾ ಏನ್ ಬರ್ದಾರ? ತಡಿಯಾಕ ಆಗವಲ್ದು, ಈಗ ಓದಿ ಹೇಳ್ರಿ.”

ಅಂಬಪ್ಪ ಫಿಲ್ಟರನ್ನು ಬಿಸಿಲಿಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ.

ಗಾಳೆಪ್ಪನ ನಗು ಇಳಿಯಿತು. ಫೋನಿನ ಕಡೆ ನೋಡಿದ, ಫಿಲ್ಟರಿನ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು, ಎರಡೂ ಕೈಯಲ್ಲಿ ನಿಧಾನ ಬಿಡಿಸಿದ. ನಡುವೆ ಒಂದು ಕಡೆ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

“ಓದ್ರಿ ಚಾಚಾ,” ಎಂದಳು ಅತೀಯಾ. “ಕೇಳಾಕತ್ತೀನಿ.”